ಜೂಡೊದ ನಿಷೇಧಿತ ಪಟ್ಟುಗಳು: ಎಲ್ಲಿಂದ ಬಂದವು, ಏಕೆ ಬೇಡವಾದವು?

ಜತ್ತ ತಾಲೂಕಿನ ಜಾತ್ರೆಗಳಲ್ಲಿ ಕುಸ್ತಿ ನೋಡಿ ಬೆಳೆದವರಿಗೆ ಪಟ್ಟು ಎಂದರೇನೆಂದು ಹೇಳಬೇಕಾಗಿಲ್ಲ. ಆದರೆ ಗರಡಿಯಿಂದ ಜೂಡೊ ಕಲಿಯಲು ಹೋಗುವ ಮಕ್ಕಳು, ಅಲ್ಲಿ ಯಾವ ಪಟ್ಟು ಹಾಕಬಾರದು ಎಂಬುದನ್ನು ಮೊದಲೇ ತಿಳಿದಿರಬೇಕು.

ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಶಾಲೆ ತೆರೆದು ಜೂಡೊ ಆರಂಭಿಸಿದರು. ಅದರ ಮೂಲ ಯೋಧರ ಜುಜುತ್ಸು. ಅದರಲ್ಲಿದ್ದ ಹೊಡೆತ, ಒದೆತಗಳನ್ನು ಕಾನೊ ಪಂದ್ಯದಿಂದ ತೆಗೆದು, ‘ಕಾಟಾ’ ಎಂಬ ನಿಗದಿತ ಕ್ರಮದ ಅಭ್ಯಾಸದಲ್ಲಿ ಮಾತ್ರ ಉಳಿಸಿದರು. ಕೀಲುಗಳ ಪೈಕಿ ಇಂದು ಪಂದ್ಯದಲ್ಲಿ ತಿರುವಬಹುದಾದದ್ದು ಮೊಣಕೈ ಒಂದೇ.

ಕೊಡೊಕಾನ್ ನಿಷೇಧಿಸಿರುವ ಪಟ್ಟುಗಳು ನಾಲ್ಕು:

ಕಾವಾಝು ಗಾಕೆ: ಎದುರಾಳಿಯ ಕಾಲಿಗೆ ಒಳಗಿನಿಂದ ತನ್ನ ಕಾಲು ಸುತ್ತಿ, ಅವನೊಂದಿಗೆ ಹಿಂದಕ್ಕೆ ಬೀಳುವುದು. 12ನೇ ಶತಮಾನದ ಯೋಧ ಕಾವಾಝು ಸಾಬುರೊನ ಹೆಸರು ಇದಕ್ಕಿದೆ. ಸುಮೊದಲ್ಲಿ ಇಂದಿಗೂ ನಡೆಯುತ್ತದೆ. ಸಿಕ್ಕಿಕೊಂಡ ಕಾಲು ಬಿಡಿಸಲಾಗದೆ ಮೊಣಕಾಲು ತಿರುಚುತ್ತದೆ.

ಕಾನಿ ಬಸಾಮಿ: ಅರ್ಥ ‘ಏಡಿಯ ಕತ್ತರಿ’. ಪಕ್ಕದಿಂದ ಜಿಗಿದು, ಎರಡೂ ಕಾಲುಗಳ ಕತ್ತರಿಯಲ್ಲಿ ಎದುರಾಳಿಯನ್ನು ಸಿಕ್ಕಿಸಿ ಹಿಂದಕ್ಕೆ ಕೆಡವುವುದು. 1980ರಲ್ಲಿ ಸುಮಿಯೊ ಎಂಡೊ ಹಾಕಿದ ಈ ಪಟ್ಟಿನಿಂದ ಯಾಸುಹಿರೊ ಯಾಮಾಶಿತಾ ಅವರ ಕಾಲಿನ ಎಲುಬು ಮುರಿಯಿತು. ಆ ಬಳಿಕ ಇದಕ್ಕೆ ನಿಷೇಧ ಬಿತ್ತು. ಯಾಮಾಶಿತಾ ಚೇತರಿಸಿಕೊಂಡು 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು.

ಡೊ ಜಿಮೆ: ಎರಡೂ ಕಾಲುಗಳಿಂದ ಎದುರಾಳಿಯ ನಡು ಬಿಗಿದು ಹಿಂಡುವುದು. ಪಕ್ಕೆಲುಬಿಗೂ ಒಳಗಿನ ಅಂಗಗಳಿಗೂ ಅಪಾಯ.

ಆಶಿ ಗರಾಮಿ: ಕಾಲಿಗೆ ಕಾಲು ಹೆಣೆದು ಮೊಣಕಾಲು ತಿರುವುವುದು. ಈಗ ಕಾಟಾದಲ್ಲಿ ಮಾತ್ರ ಉಳಿದಿದೆ.

ಈ ನಾಲ್ಕಲ್ಲದೆ, ಎಸೆಯುವ ಭರದಲ್ಲಿ ತನ್ನ ತಲೆಯನ್ನೇ ಮುಂದೆ ಮಾಡಿ ಚಾಪೆಗೆ ಧುಮುಕಿದರೂ ನೇರ ಅನರ್ಹತೆ. ಅಲ್ಲಿ ಅಪಾಯ ಎಸೆಯುವವನ ಕತ್ತಿಗೇ.

ಕುಸ್ತಿಪಟುಗಳು ಎಡವುವುದು ಇನ್ನೊಂದು ನಿಯಮದಲ್ಲಿ. ಕುಸ್ತಿಯಲ್ಲಿ ಕಾಲಿಗೆ ಕೈ ಹಾಕುವುದು ಸಹಜ. ಅಂತರರಾಷ್ಟ್ರೀಯ ಜೂಡೊದಲ್ಲಿ 2010ರಿಂದ ಹಂತಹಂತವಾಗಿ ಅದನ್ನು ನಿಷೇಧಿಸಲಾಯಿತು. ಇದಕ್ಕೆ ಮುಖ್ಯ ಕಾರಣ ಅಪಾಯವಲ್ಲ; ಜೂಡೊ ಕುಸ್ತಿಯಂತಾಗಬಾರದು ಎಂಬುದು.

ಆಟಕ್ಕೆ ಮಿತಿ ಹಾಕುವುದು ನಮಗೂ ಹೊಸದಲ್ಲ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಯ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲುತ್ತದೆ.

ಪಾಲಕರಲ್ಲಿ, ವಸ್ತಾದರಲ್ಲಿ ಒಂದು ವಿನಂತಿ: ಮೊಬೈಲ್‌ನಲ್ಲಿ ನೋಡಿದ ಪಟ್ಟನ್ನು ಮಕ್ಕಳು ಗೆಳೆಯರ ಮೇಲೆ ಹಾಕಿ ನೋಡದಂತೆ ಗಮನವಿಡಿ. ಮೊದಲು ಬೀಳುವುದನ್ನು ಕಲಿಯಲಿ, ಆಮೇಲೆ ಕೆಡವುವುದನ್ನು.