ಛಿನ್ನಬಿಂಬಗಳೂ ಛಾಯಾಜೀರ್ಣೋದ್ಧಾರವೂ

ಅಂಗಹೀನವಾದ ಬಿಂಬವು ಪೂಜಾರ್ಹವಲ್ಲವೆಂಬುದು ನಮ್ಮ ದೇಶದ ಆಗಮಜ್ಞರ ಮತ. ಭಿನ್ನವಾದ ಮೂರ್ತಿಯನ್ನು ಜಲದಲ್ಲಿ ವಿಸರ್ಜಿಸಿ ನೂತನಬಿಂಬವನ್ನು ಪ್ರತಿಷ್ಠಿಸುವುದು ಜೀರ್ಣೋದ್ಧಾರದ ಒಂದು ಪ್ರಸಿದ್ಧವಾದ ಕ್ರಮ. ಆದರೆ ಮೂರ್ತಿಯ ಮುಂಡವು ಒಂದು ದೇಶದ ಬೆಟ್ಟದ ಭಿತ್ತಿಯಲ್ಲಿಯೂ, ಅದರ ಶಿರಸ್ಸು ಸಮುದ್ರದಾಚೆಯ ಮ್ಯೂಸಿಯಮಿನ ಪೀಠದ ಮೇಲೆಯೂ ಇದ್ದರೆ ಮಾಡತಕ್ಕುದೇನು? ಚೀನಾದೇಶದ ಶಿಯಾಂಗ್‌ಟಾಂಗ್‌ಶಾನ್ ಗುಹಾಲಯಗಳಿಗೆ ಒದಗಿದ ದುರವಸ್ಥೆಯು ಇದೇ ಆಗಿದೆ.

ಈ ಗುಹೆಗಳು ಹೆಬೈ ಪ್ರಾಂತ್ಯದಲ್ಲಿ ಹಂದಾನ್ ನಗರಕ್ಕೆ ಸಮೀಪದಲ್ಲಿವೆ. ಪ್ರತಿಧ್ವನಿಗೈಯುವ ಮಂದಿರಗಳ ಗಿರಿಯೆಂದು ಆ ಹೆಸರಿಗೆ ಅರ್ಥ. ಉತ್ತರದ ಗುಂಪಿನಲ್ಲಿ ವಿಶಾಲವಾದ 3 ಗುಹೆಗಳೂ, ದಕ್ಷಿಣದ ಗುಂಪಿನಲ್ಲಿ 7 ಗುಹೆಗಳೂ ಇರುವುವು. ಕ್ರಿ.ಶ. 550ರಲ್ಲಿ ಗಾವೋ ಯಾಂಗನೆಂಬವನು ಉತ್ತರ ಚೀ ಎಂಬ ರಾಜ್ಯವನ್ನು ಸ್ಥಾಪಿಸಿದನು. ಯೆ ಮತ್ತು ಜಿನ್‌ಯಾಂಗ್ ಎಂಬ ಎರಡು ರಾಜಧಾನಿಗಳ ನಡುವಣ ಮಾರ್ಗದಲ್ಲಿದ್ದ ಈ ಬೆಟ್ಟವು ಆ ಸಂತತಿಯವರ ಆಶ್ರಯದಿಂದ ಬೌದ್ಧಕ್ಷೇತ್ರವಾಗಿ ಪರಿಣಮಿಸಿತು. ಆ ರಾಜ್ಯವು ಬಾಳಿದುದು 27 ವರ್ಷಗಳು ಮಾತ್ರ. 577ರಲ್ಲಿ ಉತ್ತರ ಜೋ ಅರಸರು ಅದನ್ನು ಗೆದ್ದುಕೊಂಡರು. ಮರುವರ್ಷವೇ, ಎಂದರೆ 578ರಲ್ಲಿ, ನಮ್ಮ ಬಾದಾಮಿಯ ವೈಷ್ಣವಗುಹೆಯಲ್ಲಿ ಮಂಗಳೇಶನ ಶಾಸನವು ಬರೆಯಲ್ಪಟ್ಟಿತೆಂಬುದನ್ನು ನೆನೆದರೆ, ಬೆಟ್ಟವನ್ನು ಕೊರೆದು ದೇವಾಲಯವನ್ನು ಮಾಡುವ ಉತ್ಸಾಹವು ಆ ಕಾಲದಲ್ಲಿ ಎಷ್ಟು ದೂರದವರೆಗೆ ಹಬ್ಬಿತ್ತೆಂಬುದು ವಾಚಕರಿಗೆ ವೇದ್ಯವಾದೀತು.

ಈ ಗಿರಿಗೆ ಸಂಬಂಧಿಸಿದ ಒಂದು ವಿಚಿತ್ರವಾದ ವೃತ್ತಾಂತವನ್ನು 11ನೆಯ ಶತಮಾನದ ಇತಿಹಾಸಕಾರ ಸೀಮಾ ಗ್ವಾಂಗನು ತನ್ನ ಬೃಹದ್ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಗಾವೋ ಯಾಂಗನ ತಂದೆಯಾದ ಗಾವೋ ಹ್ವಾನನು 547ರಲ್ಲಿ ಕಾಲವಶನಾದಾಗ ಬೇರೊಂದೆಡೆ ಹುಸಿಸಮಾಧಿಯನ್ನು ರಚಿಸಿ, ನಿಜವಾದ ಶವಪೇಟಿಕೆಯನ್ನು ಈ ಬೆಟ್ಟದ ಗುಹಾವಿಹಾರದ ಪಕ್ಕದಲ್ಲಿ ಗುಪ್ತವಾಗಿ ಕೊರೆದ ರಂಧ್ರದಲ್ಲಿಟ್ಟು ಮುಚ್ಚಿದರಂತೆ. ರಹಸ್ಯವು ಹೊರಬೀಳದಿರಲೆಂದು ಶಿಲ್ಪಿಗಳನ್ನೆಲ್ಲ ಕೊಲ್ಲಿಸಿದರಂತೆ. ರಾಜ್ಯವು ಅಳಿದ ಮೇಲೆ ಆ ಶಿಲ್ಪಿಗಳಲ್ಲೊಬ್ಬನ ಮಗನು ಬಂದು, ಕಲ್ಲನ್ನು ತೆಗೆದು, ಚಿನ್ನವನ್ನು ಕೊಂಡೊಯ್ದನಂತೆ. ಈ ಕಥೆಯಲ್ಲಿ ಇತಿಹಾಸವೆಷ್ಟು, ಜನವಾರ್ತೆಯೆಷ್ಟು ಎಂಬುದು ಹಾಗಿರಲಿ. ಮುಂದೆ ಬಂದ ಕಳ್ಳರಿಗಿಂತ ಆ ಮಗನಿಗೆ ಹೆಚ್ಚಿನ ಹಕ್ಕಿತ್ತೆಂದು ಯಾರಿಗಾದರೂ ತೋರದಿರದು.

ಉತ್ತರದ ಗುಂಪಿನ ದಕ್ಷಿಣಗುಹೆಯು ವಿಶೇಷವಾಗಿ ಗಮನಿಸತಕ್ಕುದು. ಟಾಂಗ್ ಯೋಂಗನೆಂಬ ರಾಜಾಧಿಕಾರಿಯು 568ರಿಂದ 572ರವರೆಗೆ ವಿಮಲಕೀರ್ತಿನಿರ್ದೇಶ, ಶ್ರೀಮಾಲಾದೇವೀಸಿಂಹನಾದ ಮೊದಲಾದ ಸೂತ್ರಗಳ ಚೀನೀಭಾಷಾಂತರಗಳನ್ನು ಅಲ್ಲಿ ಶಿಲೆಯಲ್ಲಿ ಕೆತ್ತಿಸಿದನು. ಅದಕ್ಕೆ ಕಾರಣವನ್ನೂ ತನ್ನ ಶಾಸನದಲ್ಲಿ ತಿಳಿಸಿದ್ದಾನೆ: ರೇಷ್ಮೆಯು ನಶಿಸತಕ್ಕುದು, ಬಿದಿರಿನ ಪಟ್ಟಿಗಳು ಬಹುಕಾಲ ಬಾಳತಕ್ಕುವಲ್ಲ, ಚರ್ಮವೂ ಕಾಗದವೂ ಸುಲಭವಾಗಿ ಹಾಳಾಗತಕ್ಕುವು, ಆದುದರಿಂದ ಬುದ್ಧವಚನಕ್ಕೆ ಶಿಲೆಯೇ ಆಶ್ರಯವೆಂದು ಅವನ ಅಭಿಪ್ರಾಯ. ಆತನ ಎಣಿಕೆಯು ತಪ್ಪಲಿಲ್ಲ. ಅಕ್ಷರಗಳು ಉಳಿದುವು. ಉಳಿಯದೆಹೋದುವು ಅದೇ ಗುಹೆಗಳ ಬುದ್ಧರ ಮತ್ತು ಬೋಧಿಸತ್ತ್ವರ ಶಿರಸ್ಸುಗಳು, ಹಸ್ತಗಳು.

ಚಿಂಗ್ ಸಂತತಿಯು 1912ರಲ್ಲಿ ಕೊನೆಗಂಡ ಗೊಂದಲದ ಕಾಲದಲ್ಲಿ ಈ ಗುಹೆಗಳಿಗೆ ಉಳಿಯೂ ಸುತ್ತಿಗೆಯೂ ಎರಡನೆಯ ಸಲ ಪ್ರವೇಶಿಸಿದುವು. ಕೆತ್ತಿ ತೆಗೆದ ತುಂಡುಗಳು ವ್ಯಾಪಾರಿಗಳ ಮೂಲಕ ಯೂರೋಪು, ಅಮೆರಿಕಾಗಳನ್ನು ಸೇರಿದುವು. ಪ್ಯಾರಿಸಿನಲ್ಲಿ ಅಂಗಡಿಯಿಟ್ಟಿದ್ದ ಸಿ. ಟಿ. ಲೂ ಎಂಬ ಚೀನೀ ವರ್ತಕನು ಈ ವ್ಯಾಪಾರದಲ್ಲಿ ಪ್ರಮುಖನು. ಫಿಲಡೆಲ್ಫಿಯಾ, ವಾಷಿಂಗ್ಟನ್, ಲಂಡನ್ ಮೊದಲಾದ ನಗರಗಳ ಮ್ಯೂಸಿಯಮುಗಳಲ್ಲಿ ಈ ಬೆಟ್ಟದ ಶಿಲ್ಪಗಳಿವೆ. ದಕ್ಷಿಣದ ಗುಂಪಿನ 2ನೆಯ ಗುಹೆಯಲ್ಲಿದ್ದ, ಅಮಿತಾಭನ ಸುಖಾವತೀಲೋಕವನ್ನು ಚಿತ್ರಿಸುವ ದೊಡ್ಡ ಉಬ್ಬುಶಿಲ್ಪವು 1921ರಲ್ಲಿ ವಾಷಿಂಗ್ಟನ್ನಿನ ಫ್ರಿಯರ್ ಕಲಾಶಾಲೆಗೆ ಸೇರಿತು. 1936ರಲ್ಲಿ ಮಿಜುನೋ ಮತ್ತು ನಾಗಹಿರೋ ಎಂಬ ಜಪಾನೀ ವಿದ್ವಾಂಸರು ಗುಹೆಗಳನ್ನು ಶೋಧಿಸಿ ಅಳೆದಾಗ, ಕಳೆಯತಕ್ಕುದರಲ್ಲಿ ಬಹುಭಾಗವು ಕಳೆದುಹೋಗಿತ್ತು. ಲೂ ಮಹಾಶಯನು 1940ರಲ್ಲಿ ಪ್ರಕಟಿಸಿದ ಶಿಲ್ಪಪಟ್ಟಿಯೊಂದರಲ್ಲಿ, ಇಂತಹ ನಿಧಿಗಳು ಚೆದರಿಹೋಗಲು ತಾನೂ ಕಾರಣನಾದೆನೆಂದು ನಾಚಿಕೆಯನ್ನು ತೋರಿಸಿದನು. ಕಲೆಗೆ ಗಡಿಗಳಿಲ್ಲವೆಂದೂ, ಈ ಮೂರ್ತಿಗಳು ಪರದೇಶಗಳಲ್ಲಿ ಚೀನಾದ ರಾಯಭಾರಿಗಳಂತೆ ಕೆಲಸಮಾಡುವುವೆಂದೂ ಜೊತೆಯಲ್ಲಿಯೇ ಸಮಾಧಾನವನ್ನು ಹೇಳಿಕೊಂಡನು.

2004ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಬೇರೊಂದು ಬಗೆಯ ಜೀರ್ಣೋದ್ಧಾರವನ್ನು ಕೈಕೊಂಡರು. ಚೆದರಿದ ತುಂಡುಗಳು ಎಲ್ಲೆಲ್ಲಿವೆಯೆಂದು ಹುಡುಕಿ, ಒಂದೊಂದನ್ನೂ ಇದ್ದ ಸ್ಥಳದಲ್ಲಿಯೇ ಸ್ಕ್ಯಾನರ್ ಯಂತ್ರದಿಂದ ಅಳೆದರು. ಈ ಯಂತ್ರವು ಶಿಲೆಯ ಮೇಲೆ ಬೆಳಕನ್ನು ಬೀರಿ, ಮೇಲ್ಮೈಯ ಲಕ್ಷಾಂತರ ಬಿಂದುಗಳ ಸ್ಥಾನವನ್ನು ಗ್ರಹಿಸುತ್ತದೆ. ಗಣಕಯಂತ್ರವು ಆ ಬಿಂದುಗಳನ್ನು ಸಣ್ಣ ಸಣ್ಣ ತ್ರಿಕೋಣಗಳಾಗಿ ಹೆಣೆದು, ಯಾವ ದಿಕ್ಕಿಗಾದರೂ ತಿರುಗಿಸಿ ನೋಡಬಹುದಾದ ಡಿಜಿಟಲ್ ಪ್ರತಿಮೆಯನ್ನು ರಚಿಸುತ್ತದೆ. ಪೀಕಿಂಗ್ ವಿಶ್ವವಿದ್ಯಾಲಯದವರ ಸಹಕಾರದಿಂದ ಗುಹೆಗಳ ಭಿತ್ತಿಗಳನ್ನೂ ಹೀಗೆಯೇ ಅಳೆದರು. ಆಮೇಲೆ ಭಿತ್ತಿಯಲ್ಲಿರುವ ಕೊರಳಿನ ಗಾಯಕ್ಕೂ, ದೂರದೇಶದಲ್ಲಿರುವ ತಲೆಯ ಹಿಂಬದಿಗೂ ಹೊಂದಿಕೆಯುಂಟೇ ಎಂದು ಪರೀಕ್ಷಿಸಲು ಒಂದು ಕಲ್ಲನ್ನೂ ಕದಲಿಸಬೇಕಾಗಲಿಲ್ಲ. ಕೆಲಸವು ಸುಲಭವೆಂದು ಮಾತ್ರ ತಿಳಿಯಬಾರದು. ಉಳಿಯ ಪೆಟ್ಟಿಗೆ ಪುಡಿಯಾದ ಕಲ್ಲು ಎಲ್ಲಿಯೂ ದೊರೆಯುವುದಿಲ್ಲವಾದುದರಿಂದ, ತಲೆಗೂ ಕೊರಳಿಗೂ ನಡುವೆ ಸಂದು ಉಳಿದೇ ಉಳಿಯುತ್ತದೆ; ಅಲ್ಲಿ ವಿದ್ವಾಂಸನ ಊಹೆಯೇ ಗತಿ.

2010ರಲ್ಲಿ ಷಿಕಾಗೋದ ಸ್ಮಾರ್ಟ್ ಮ್ಯೂಸಿಯಮಿನಲ್ಲಿಯೂ, 2011ರಲ್ಲಿ ವಾಷಿಂಗ್ಟನ್ನಿನ ಸ್ಯಾಕ್ಲರ್ ಕಲಾಶಾಲೆಯಲ್ಲಿಯೂ ಇದರ ಪ್ರದರ್ಶನವು ನಡೆಯಿತು. ನಿಜವಾದ ಶಿಲ್ಪಗಳ ಜೊತೆಗೆ ಮೂರು ದೊಡ್ಡ ತೆರೆಗಳ ಮೇಲೆ ಟಾಂಗ್ ಯೋಂಗನ ಆ ದಕ್ಷಿಣಗುಹೆಯೇ ಮೂಡಿಬರುತ್ತಿತ್ತು. ಕಳೆದುಹೋದ ಅಂಗಗಳು ತಮ್ಮ ತಮ್ಮ ಸ್ಥಾನಗಳಲ್ಲಿ ಕಾಣಿಸಿಕೊಳ್ಳುತ್ತಿದ್ದುವು. ನೂರು ವರ್ಷಗಳ ಬಳಿಕ ಆ ತಲೆಗಳನ್ನು ಅವುಗಳ ದೇಹದ ಮೇಲೆ ಜನರು ಕಂಡುದು ಸಾಮಾನ್ಯವಾದ ಲಾಭವಲ್ಲ. ಹೊಸ ತಲೆಯನ್ನು ಕೂಡಿಸಿ ಗಾರೆ ಮೆತ್ತುವ ರಿಪೇರಿಗಿಂತ ಇದು ಎಷ್ಟೋ ಮೇಲು. ಶಿಲೆಗೆ ಇದರಿಂದ ಎಳ್ಳಷ್ಟೂ ಅಪಚಾರವಿಲ್ಲ, ತಪ್ಪಾದರೆ ಮರುದಿನವೇ ತಿದ್ದಬಹುದು. ಆದರೆ ಅಳತೆಯಿಂದ ಸಿದ್ಧವಾದ ಭಾಗವಾವುದು, ಊಹೆಯಿಂದ ತುಂಬಿದ ಭಾಗವಾವುದು ಎಂಬುದನ್ನು ಪ್ರೇಕ್ಷಕರಿಗೆ ಬಿಚ್ಚಿ ತೋರಿಸಬೇಕು. ಹಳೆಯ ತಾಳೆಗರಿಯಲ್ಲಿ ಲುಪ್ತವಾದ ಅಕ್ಷರಗಳನ್ನು ತುಂಬುವ ಸಂಪಾದಕನು ಅವನ್ನು ಕಂಸದಲ್ಲಿಡುವುದಿಲ್ಲವೆ?

ಇನ್ನೊಂದು ಅಪಾಯವು ಇದಕ್ಕಿಂತ ದೊಡ್ಡದು. ಪೂರ್ಣವಾದ ಛಾಯೆಯನ್ನು ಗುಹೆಯವರಿಗೆ ಕೊಟ್ಟಾಯಿತು, ಶಿಲೆಯು ನಮ್ಮಲ್ಲಿಯೇ ಇರಲಿ ಎಂದು ಯಾವನೊಬ್ಬ ಸಂಗ್ರಾಹಕನು ವಾದಿಸಿದರೆ, ಅದು ಲೂ ಮಹಾಶಯನ ಸಮಾಧಾನವೇ ಹೊಸ ವೇಷದಲ್ಲಿ ಬಂದಂತೆ. ಛಾಯೆಯು ನಿಜವಾಗಿ ಮಾಡಬಲ್ಲುದು ಸಾಕ್ಷ್ಯವನ್ನು ಹೇಳುವ ಕೆಲಸವನ್ನು: ಈ ತಲೆಯು ಈ ಕೊರಳಿನದು ಎಂದು.

ಮೇಲೆ ಹೇಳಿದ ಜಿನ್‌ಯಾಂಗ್ ರಾಜಧಾನಿಯು ಈಗಿನ ತೈಯುವಾನ್ ನಗರದ ಬಳಿಯಲ್ಲಿತ್ತು. ಅಲ್ಲಿಯ ತಿಯಾನ್‌ಲಾಂಗ್‌ಶಾನ್ ಗುಹೆಗಳೂ ಇದೇ ರೀತಿಯಲ್ಲಿ ಸೂರೆಹೋದುವು. ಅವುಗಳಲ್ಲಿ 584ರಲ್ಲಿ ನಿರ್ಮಿತವಾದ 8ನೆಯ ಗುಹೆಯ ಬುದ್ಧಶಿರಸ್ಸೊಂದು 2020ರಲ್ಲಿ ಟೋಕಿಯೋ ನಗರದ ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಚೀನಾ ಸರ್ಕಾರದವರ ಪ್ರಯತ್ನದಿಂದ ಹರಾಜು ನಿಂತು, ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಆ ಶಿರಸ್ಸು ಸ್ವದೇಶಕ್ಕೆ ಮರಳಿತು. 2021ರ ಜುಲೈ ತಿಂಗಳಲ್ಲಿ ಅದನ್ನು ತಿಯಾನ್‌ಲಾಂಗ್‌ಶಾನಿನ ಮ್ಯೂಸಿಯಮಿಗೆ ತಂದು, ಮುಂಡಕ್ಕೆ ಜೋಡಿಸದೆ, ಪ್ರತ್ಯೇಕವಾಗಿಯೇ ಪ್ರದರ್ಶನಕ್ಕಿಟ್ಟರು.