ಹವ್ಯಾಸಿ ಸಸ್ಯ ಸಂಗ್ರಾಹಕರು ಮತ್ತು ಸ್ಥಳೀಯ ಸಸ್ಯಗಳ ಸಂರಕ್ಷಣೆ – ಸಾರ್ವಜನಿಕರಿಗೆ ಮಾಹಿತಿ

ಸಸ್ಯಶಾಸ್ತ್ರವನ್ನು ವೃತ್ತಿಯಾಗಿ ಹೊಂದಿರದಿದ್ದರೂ ಆಸಕ್ತಿಯಿಂದ ಸಸ್ಯಗಳನ್ನು ಗುರುತಿಸುವ, ಸಂಗ್ರಹಿಸುವ ಮತ್ತು ಬೆಳೆಸುವ ನಾಗರಿಕರು ರಾಜ್ಯದ ಸಸ್ಯಸಂಪತ್ತಿನ ಅಧ್ಯಯನಕ್ಕೆ ನೆರವಾಗಬಹುದು. ಇಂತಹ ಆಸಕ್ತರಿಗೆ ಹಾಗೂ ಅನುಮತಿಗಾಗಿ ಅರ್ಜಿ ಸಲ್ಲಿಸುವವರಿಗೆ ಅಗತ್ಯವಾದ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ.

ಹಿನ್ನೆಲೆ

ಕರ್ನಾಟಕದ ಸಸ್ಯಗಳ ಆರಂಭಿಕ ದಾಖಲೆಗಳಲ್ಲಿ ಹಲವು, ಬೇರೆ ಹುದ್ದೆಗಳಲ್ಲಿದ್ದವರ ಬಿಡುವಿನ ಶ್ರಮದ ಫಲಗಳಾಗಿವೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯರಾಗಿದ್ದ ಹ್ಯೂ ಕ್ಲೆಗ್‌ಹಾರ್ನ್ ಅವರು ಸುತ್ತಲಿನ ಸಸ್ಯಗಳ ಚಿತ್ರಗಳನ್ನು ಭಾರತೀಯ ಚಿತ್ರಕಾರರಿಂದ ಬರೆಯಿಸಿದರು. ಅವು ಇಂದು ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿ ಟಿ.ಆರ್. ಬೆಲ್ ಹಾಗೂ ಐ.ಸಿ.ಎಸ್. ಅಧಿಕಾರಿ ಎಲ್.ಜೆ. ಸೆಡ್ಜ್‌ವಿಕ್ ಅವರು ಸಂಗ್ರಹಿಸಿದ ಮಾದರಿಗಳು ಮುಂಬೈಯ ಬ್ಲಾಟರ್ ಸಸ್ಯಾಗಾರದಲ್ಲಿವೆ.

ಶೋಧನೆ ಇನ್ನೂ ಮುಗಿದಿಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ ಬೆಳೆಯುವ, ಕರಿಗೇರಿನ ಕುಲಕ್ಕೆ ಸೇರಿದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವು ವಿಜ್ಞಾನಕ್ಕೆ ಪರಿಚಯವಾದದ್ದು 2000ದಲ್ಲಿ ಮಾತ್ರ. ಇದರ ಗಂಡು ಮತ್ತು ಹೆಣ್ಣು ಮರಗಳು ಬೇರೆ ಬೇರೆ. ಬೆರಳೆಣಿಕೆಯ ನೆಲೆಗಳಲ್ಲಿ ಉಳಿದಿರುವ ಇಂತಹ ಪ್ರಭೇದದಲ್ಲಿ ಒಂದು ಹೆಣ್ಣು ಮರದ ನಾಶವೂ ದೊಡ್ಡ ನಷ್ಟವಾಗುತ್ತದೆ.

ಮಾದರಿಯೊಡನೆ ಇರಬೇಕಾದ ವಿವರಗಳು

ವಿವರವಿಲ್ಲದ ಒಣಗಿದ ಗಿಡಕ್ಕೆ ವೈಜ್ಞಾನಿಕ ಮೌಲ್ಯ ಅತ್ಯಲ್ಪ. ಮಾದರಿಯನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ಸುಮಾರು 28 × 42 ಸೆಂ.ಮೀ. ಅಳತೆಯ ದಪ್ಪ ಹಾಳೆಗೆ ಅಂಟಿಸಿ, ಕೆಳಕಂಡ ವಿವರಗಳನ್ನು ಬರೆಯತಕ್ಕದ್ದು:

1. ಸಂಗ್ರಾಹಕರ ಹೆಸರು, ಕ್ರಮಸಂಖ್ಯೆ ಮತ್ತು ದಿನಾಂಕ.
2. ಗ್ರಾಮ, ತಾಲ್ಲೂಕು, ಜಿಲ್ಲೆ. ಸಾಧ್ಯವಾದಲ್ಲಿ ಅಕ್ಷಾಂಶ, ರೇಖಾಂಶ ಮತ್ತು ಸಮುದ್ರಮಟ್ಟದಿಂದ ಎತ್ತರ.
3. ನೆಲೆಯ ಸ್ವರೂಪ: ಕಾನು, ಜಡ್ಡಿ, ಹುಲ್ಲುಗಾವಲು, ಕೆರೆಯಂಚು, ಬಂಡೆ ಇತ್ಯಾದಿ.
4. ಗಿಡದ ಎತ್ತರ, ಹೂವಿನ ಬಣ್ಣ ಮತ್ತು ವಾಸನೆ. ಒಣಗಿದ ಮೇಲೆ ಇವು ತಿಳಿಯುವುದಿಲ್ಲ.
5. ಸ್ಥಳೀಯ ಹೆಸರು ಮತ್ತು ಬಳಕೆ.

ಹೂ ಅಥವಾ ಕಾಯಿ ಇರುವ ಒಂದು ಕೊಂಬೆ ಸಾಮಾನ್ಯವಾಗಿ ಸಾಕಾಗುತ್ತದೆ. ಕೆಲವೇ ಗಿಡಗಳಿರುವ ಕಡೆ ಏನನ್ನೂ ಕೀಳದೆ ಎಲೆ, ಹೂ, ಕಾಯಿ ಮತ್ತು ನೆಲೆಯ ಛಾಯಾಚಿತ್ರಗಳನ್ನು ಮಾತ್ರ ತೆಗೆಯುವುದು ಸೂಕ್ತ. ಸೀತಾಳೆಯಂತಹ ಆರ್ಕಿಡ್‌ಗಳನ್ನು ಮನೆಯಲ್ಲಿ ಬೆಳೆಸಲೆಂದು ಕಾಡಿನಿಂದ ಕಿತ್ತು ತರುವುದು ಸಂರಕ್ಷಣೆಯಲ್ಲ.

ಅನುಮತಿ

- ಕರ್ನಾಟಕ ಅರಣ್ಯ ಅಧಿನಿಯಮ, 1963ರ ಮೇರೆಗೆ ಕಾಯ್ದಿಟ್ಟ ಅರಣ್ಯದಿಂದ ಅನುಮತಿಯಿಲ್ಲದೆ ಅರಣ್ಯೋತ್ಪನ್ನವನ್ನು ತೆಗೆಯುವುದು ಅಪರಾಧ.
- ವನ್ಯಜೀವಿ ಧಾಮಗಳಲ್ಲಿ ಅಧ್ಯಯನಕ್ಕಾಗಿ ಪ್ರವೇಶಿಸಲು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ 28ನೇ ಪ್ರಕರಣದ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಪಡೆಯತಕ್ಕದ್ದು. ಪ್ರವೇಶದ ಅನುಮತಿಯನ್ನು ಸಂಗ್ರಹಣೆಯ ಅನುಮತಿಯೆಂದು ಭಾವಿಸತಕ್ಕದ್ದಲ್ಲ.
- ಇದೇ ಅಧಿನಿಯಮದ ಅನುಸೂಚಿತ ಸಸ್ಯಗಳನ್ನು (2022ರ ತಿದ್ದುಪಡಿಯ ನಂತರ ಮೂರನೇ ಅನುಸೂಚಿ) ಶಿಕ್ಷಣ, ಸಂಶೋಧನೆ ಅಥವಾ ವೈಜ್ಞಾನಿಕ ಸಂಸ್ಥೆಯ ಸಸ್ಯಾಗಾರಕ್ಕಾಗಿ ಸಂಗ್ರಹಿಸಲು 17ಬಿ ಪ್ರಕರಣದ ಅಡಿ ಪ್ರತ್ಯೇಕ ಅನುಮತಿ ಅಗತ್ಯ. ರಾಜ್ಯ ಸರ್ಕಾರದ ಪೂರ್ವಾನುಮತಿಯೊಂದಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಇದನ್ನು ನೀಡಬಹುದು.
- ವಿದೇಶಿಯರು ಮತ್ತು ಅನಿವಾಸಿ ಭಾರತೀಯರು ಸಂಶೋಧನೆಗಾಗಿ ಜೈವಿಕ ಸಂಪನ್ಮೂಲ ಪಡೆಯಲು ಜೀವವೈವಿಧ್ಯ ಅಧಿನಿಯಮ, 2002ರ ಅನ್ವಯ ಚೆನ್ನೈಯ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮೋದನೆ ಪಡೆಯಬೇಕು.
- ಖಾಸಗಿ ಜಮೀನಿನಲ್ಲಿ ಭೂಮಾಲೀಕರ ಒಪ್ಪಿಗೆ ಪಡೆಯತಕ್ಕದ್ದು.

ಅರ್ಜಿಯಲ್ಲಿ ಉದ್ದೇಶ, ಸ್ಥಳ, ಅವಧಿ, ಸಸ್ಯಗಳ ಹೆಸರು, ಮಾದರಿಗಳ ಸಂಖ್ಯೆ ಮತ್ತು ಅವುಗಳನ್ನು ಒಪ್ಪಿಸಲಿರುವ ಸಸ್ಯಾಗಾರದ ಹೆಸರನ್ನು ಸ್ಪಷ್ಟವಾಗಿ ನಮೂದಿಸುವುದು ಉಪಯುಕ್ತ.

ದಾಖಲೆಗಳನ್ನು ಒಪ್ಪಿಸುವುದು

ಮನೆಯ ಕಪಾಟಿನಲ್ಲಿರುವ ಸಂಗ್ರಹವು ಹುಳು ಮತ್ತು ತೇವದಿಂದ ಹಾಳಾಗುತ್ತದೆ. ಇತರರ ಪರಿಶೀಲನೆಗೂ ದೊರೆಯುವುದಿಲ್ಲ. ಆದುದರಿಂದ ಮಾದರಿಗಳನ್ನು ಮಾನ್ಯತೆ ಪಡೆದ ಸಸ್ಯಾಗಾರಕ್ಕೆ ಒಪ್ಪಿಸುವುದು ಉತ್ತಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪುಣೆ ಮತ್ತು ಕೊಯಮತ್ತೂರು ಕೇಂದ್ರಗಳಲ್ಲಿಯೂ ಸಸ್ಯಾಗಾರಗಳಿವೆ. ತಮ್ಮ ಊರಿನ ಸಸ್ಯಗಳ ಮಾಹಿತಿಯನ್ನು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ನೀಡಿ, ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಸೇರಿಸಲು ಕೋರಬಹುದು. ಅಪರೂಪದ ಸಸ್ಯಗಳ ನಿಖರ ನೆಲೆಯನ್ನು ಬಹಿರಂಗವಾಗಿ ಪ್ರಕಟಿಸಬಾರದು. ಕಳ್ಳಸಂಗ್ರಹಣೆಗೆ ಅದು ದಾರಿಯಾಗುತ್ತದೆ.

ಬೆಳೆಸುವ ಮೂಲಕ ಸಂರಕ್ಷಣೆ

ಮಲೆನಾಡಿನ ಹೊಳೆದಂಡೆಗಳ ಅಪ್ಪೆಮಿಡಿ ಮಾವು ಇದಕ್ಕೆ ಉತ್ತಮ ನಿದರ್ಶನ. ಮಿಡಿಗಾಗಿ ಕೊಂಬೆಗಳನ್ನೇ ಕಡಿದುದರಿಂದ ಅನೇಕ ಮರಗಳು ಹಾಳಾದವು. ಸಾಗರ, ಸಿದ್ದಾಪುರ, ಶಿರಸಿ ಭಾಗದ ಆಸಕ್ತ ಕೃಷಿಕರು ಉತ್ತಮ ಮರಗಳಿಂದ ಕುಡಿಗಳನ್ನು ತಂದು ಕಸಿ ಕಟ್ಟಿ, ತಮ್ಮ ತೋಟಗಳಲ್ಲಿ ತಳಿಗಳನ್ನು ಉಳಿಸಿದ್ದಾರೆ. ತಳಿಯ ಹೆಸರು ಮತ್ತು ಮೂಲ ಮರದ ಸ್ಥಳವನ್ನು ಬರೆದಿಟ್ಟಾಗ ಇಂತಹ ತೋಟವೂ ಅಮೂಲ್ಯ ದಾಖಲೆಯಾಗುತ್ತದೆ. ಆದರೆ ತೋಟದ ಗಿಡವು ಮೂಲ ನೆಲೆಗೆ ಬದಲಿಯಲ್ಲ. ಹೊಳೆದಂಡೆಯ ಮರವೂ ಉಳಿಯಬೇಕು.

ಹೆಚ್ಚಿನ ಮಾಹಿತಿಗಾಗಿ ಸಂಬಂಧಿಸಿದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.