ದೈವಕರೆ

ಗುರುದೀಕ್ಷೆಗೆ, ಅಂದರೆ ಪಾದ್ರಿಯಾಗಲು, ಅಥವಾ ಸನ್ಯಾಸ ಜೀವನಕ್ಕೆ ದೇವರು ನೀಡುವ ಆಹ್ವಾನವನ್ನು ಕನ್ನಡ ಕಥೋಲಿಕರು ದೈವಕರೆ ಎನ್ನುತ್ತಾರೆ. ಸಂಸ್ಕೃತದ ‘ದೈವ’ಕ್ಕೆ ಕನ್ನಡದ ‘ಕರೆ’ ಸೇರಿ ಆದ ಅರಿಸಮಾಸವಿದು. ಇದರ ಹಿಂದಿರುವುದು ಲ್ಯಾಟಿನಿನ ‘ವೊಕಾತಿಯೊ’; ಕರೆಯುವುದು ಎಂಬರ್ಥದ ‘ವೊಕಾರೆ’ಯಿಂದ ಹುಟ್ಟಿದ್ದು. ಇಂಗ್ಲಿಷಿನ ‘ವೊಕೇಶನ್’ ಕ್ರಮೇಣ ಕಸುಬಿನ ಅರ್ಥಕ್ಕೂ ಹರಡಿತು. ಕನ್ನಡದ ಪದ ಹಾಗೆ ಸವೆದಿಲ್ಲ. ಕರೆದವನು ಯಾರೆಂಬುದು ಅದರಲ್ಲೇ ಉಳಿದಿದೆ.

ಕರೆ ಕೇಳಿಸಿದರೆ ಸಾಲದು, ಅದು ಯಾರದೆಂದು ಗುರುತಿಸಬೇಕು. ಬೈಬಲಿನ ಬಾಲಕ ಸಮುವೇಲ ದೇವರ ದನಿಯನ್ನು ಯಾಜಕ ಏಲಿಯದೆಂದೇ ತಿಳಿದು ಮೂರು ಸಲ ಅವನ ಬಳಿಗೆ ಹೋಗುತ್ತಾನೆ. ಕೊನೆಗೆ ತಿಳಿಹೇಳುವವನು ಆ ಹಿರಿಯನೇ. ಈ ಗುರುತಿಸುವಿಕೆಯೇ ವಿವೇಚನೆ. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಗಾಯಗೊಂಡು ಹಾಸಿಗೆ ಹಿಡಿದಿದ್ದ ಇಗ್ನೇಷಿಯಸ್ ಲೊಯೋಲಾ, ಯಾವ ಯೋಚನೆ ಮನಸ್ಸಿಗೆ ನೆಮ್ಮದಿ ಉಳಿಸುತ್ತದೆ, ಯಾವುದು ಬರಿದುಮಾಡಿ ಹೋಗುತ್ತದೆ ಎಂದು ಗಮನಿಸಿದರು. ಮುಂದೆ ಅವರು ಕಟ್ಟಿದ ಯೇಸುಸಭೆಯ ವಿವೇಚನಾ ಪದ್ಧತಿಗೆ ಅದೇ ಬುನಾದಿಯಾಯಿತು. ಆತುರಕ್ಕೆ ಅಲ್ಲಿ ಎಡೆಯಿಲ್ಲ. ಆ ಪದ್ಧತಿಯ ದೊಡ್ಡ ಗುಣವೇ ಅದು.

1983ರ ಧರ್ಮಸಭಾ ಕಾನೂನು ಸಂಹಿತೆಯೂ ಸಾಕಷ್ಟು ಕಾಲಾವಕಾಶ ಕೊಡುತ್ತದೆ. ಸನ್ಯಾಸ ಸಂಸ್ಥೆಗೆ ಹೊಸದಾಗಿ ಸೇರಿದ ನವಶಿಷ್ಯರ ತರಬೇತಿ ಕನಿಷ್ಠ 12 ತಿಂಗಳು; ಬಳಿಕ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ತಾತ್ಕಾಲಿಕ ವ್ರತ, ಕನಿಷ್ಠ 3 ವರ್ಷ. ಆಜೀವ ವ್ರತಕ್ಕೆ 21 ವರ್ಷ ತುಂಬಿರಬೇಕು. ತರಬೇತಿಯ ನಡುವೆ ನವಶಿಷ್ಯರು ಹಿಂದಿರುಗಬಹುದು, ಸಂಸ್ಥೆಯೂ ಬೇಡವೆನ್ನಬಹುದು.

ಪಾಸ್ಖ (ಈಸ್ಟರ್) ಕಾಲದ ನಾಲ್ಕನೆಯ ಭಾನುವಾರ ದೈವಕರೆಗಾಗಿ ಪ್ರಾರ್ಥಿಸುವ ವಿಶ್ವದಿನ. ಇದು 1964ರಿಂದ ನಡೆದುಬಂದಿದೆ.